ಎಲ್ಪಿ ಪ್ಲೇಟುಗಳ ಧೂಳು, ಚಟಪಟ, ಬೂಷ್ಟು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ರೆಕಾರ್ಡು ಹಾಡಿಸುವ ಟರ್ನ್‌ಟೇಬಲ್ ರಿಪೇರಿ ಮಾಡುತ್ತೇನೆ, ಹಳೆ ರೆಕಾರ್ಡುಗಳನ್ನು ತೊಳೆದು ಕೊಡುತ್ತೇನೆ. ಈ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಗುಂಪಿನಲ್ಲಿ ಬಂದ ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಪ್ರಶ್ನೆ (ಧಾರವಾಡ): ಸರ್, ನಮ್ಮ ತಂದೆಯವರು ಕೂಡಿಟ್ಟ ಸುಮಾರು 200 ಎಲ್ಪಿಗಳಿವೆ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಹೆಚ್ಚಿನವು ಇಂಥವೇ. ಪ್ರತಿ ಸಲ ಹಾಕುವ ಮುಂಚೆ ಹಳೆ ಪಂಚೆಯ ಬಟ್ಟೆಯಿಂದ ಚೆನ್ನಾಗಿ ಒರೆಸುತ್ತೇನೆ. ಆದರೂ ಫೆಬ್ರವರಿ ಬಂತೆಂದರೆ ಚಟಪಟ ಸದ್ದು ಶುರು. ಒರೆಸಿದಷ್ಟೂ ಧೂಳು ಜಾಸ್ತಿ ಕೂರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಆ ಒಣ ಬಟ್ಟೆಯಲ್ಲೇ ತಪ್ಪಿದೆ ಸರ್. ಎಲ್ಪಿ ಮಾಡುವುದು ಪಿವಿಸಿಯಿಂದ. ಮನೆಯ ನೀರಿನ ಪೈಪಿನ ಜಾತಿಯದೇ ಪ್ಲಾಸ್ಟಿಕ್. ಶಾಲೆಯಲ್ಲಿದ್ದಾಗ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತುತ್ತಿದ್ದೆವಲ್ಲ, ನೀವು ಪ್ಲೇಟಿನ ಮೇಲೆ ಮಾಡುತ್ತಿರುವುದೂ ಅದನ್ನೇ. ಉಜ್ಜಿದಾಗ ಕೂತ ವಿದ್ಯುತ್ತು (ಇದಕ್ಕೇ ಸ್ಟಾಟಿಕ್ ಅನ್ನುವುದು) ಎಲ್ಲಿಗೂ ಹರಿದು ಹೋಗಲಾರದು, ಪ್ಲಾಸ್ಟಿಕ್ ಬಿಡುವುದಿಲ್ಲ. ಹಾಗಾಗಿ ಕೋಣೆಯ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವ ಪ್ಲೇಟಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಕೂತು ಆ ವಿದ್ಯುತ್ತನ್ನು ಇಳಿಸಿಬಿಡುತ್ತದೆ. ಫೆಬ್ರವರಿ, ಮಾರ್ಚ್‌ನ ಒಣ ಗಾಳಿಯಲ್ಲಿ ಆ ಸಹಾಯ ಸಿಗುವುದಿಲ್ಲ.

ಒಣ ಬಟ್ಟೆ ಇವತ್ತೇ ನಿಲ್ಲಿಸಿ. ಅದರ ಬದಲು ಕಾರ್ಬನ್ ಫೈಬರ್ ಬ್ರಷ್ ತೆಗೆದುಕೊಳ್ಳಿ. ಅದರ ಎಳೆಗಳಲ್ಲಿ ವಿದ್ಯುತ್ತು ಹರಿಯುತ್ತದೆ. ಹಿಡಿಯ ಲೋಹದ ಭಾಗವನ್ನು ನಿಮ್ಮ ಬೆರಳು ಮುಟ್ಟಿರಬೇಕು, ಆಗ ಅದು ನಿಮ್ಮ ಮೈ ಮೂಲಕ ಇಳಿದು ಹೋಗುತ್ತದೆ. ಪ್ಲೇಟು ತಿರುಗಲು ಬಿಡಿ. ಎಳೆಗಳ ತುದಿ ಸುಮ್ನೆ ತಾಗುವಷ್ಟು ಹಗುರವಾಗಿ ಬ್ರಷ್ ಹಿಡಿಯಿರಿ. ಎರಡು ಮೂರು ಸುತ್ತಾದ ಮೇಲೆ ನಿಧಾನವಾಗಿ ಹೊರ ಅಂಚಿನ ಕಡೆಗೆ ಎಳೆದು ಎತ್ತಿಬಿಡಿ. ಒತ್ತಿದರೆ ಮತ್ತೆ ಉಜ್ಜಿದ ಹಾಗೇ ಆಗುತ್ತದೆ.

ಇನ್ನೊಂದು ವಿಷಯ. ಪ್ಲೇಟು ತೆಗೆಯುವಾಗಲೇ ವಿದ್ಯುತ್ತು ಹುಟ್ಟುತ್ತದೆ. ಹಳೆ ಕಾಗದದ ಒಳ ಕವರಿನಿಂದ ಸರ್ರನೆ ಎಳೆದು ನೋಡಿ, ಮುಂಗೈ ಹತ್ತಿರ ತಂದರೆ ಕೂದಲು ನೆಟ್ಟಗಾಗುತ್ತದೆ. ಕಾಗದದ ಪುಡಿಯೂ ಹಾಡು ಕೊರೆದಿರುವ ಗೆರೆಗಳಲ್ಲಿ ಉಳಿಯುತ್ತದೆ. ಆಂಟಿ ಸ್ಟಾಟಿಕ್ ಒಳ ಕವರ್ ಅಂತ ತೆಳುವಾದ, ಹಾಲು ಬಣ್ಣದ, ಜಾರುವಂಥದ್ದು ಸಿಗುತ್ತದೆ. 200 ಪ್ಲೇಟಿಗೂ ಒಂದೇ ಸಲ ಬೇಡ. ಜಾಸ್ತಿ ಕೇಳುವ ಇಪ್ಪತ್ತರಿಂದ ಶುರು ಮಾಡಿ.

ಮರುಪ್ರಶ್ನೆ (ಧಾರವಾಡ): ಸ್ಟಾಟಿಕ್ ತೆಗೆಯುವ ಪಿಸ್ತೂಲು ಬರುತ್ತದಂತೆ, ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ?

ಉತ್ತರ: ಮಾಡುತ್ತದೆ. ಝೀರೋಸ್ಟಾಟ್ ಅಂತ ಹೆಸರು. ಅದರೊಳಗೆ ಒತ್ತಿದರೆ ವಿದ್ಯುತ್ತು ಹುಟ್ಟಿಸುವ ಹರಳಿದೆ. ಗ್ಯಾಸ್ ಸ್ಟವ್ ಹಚ್ಚುವ ಲೈಟರ್‌ನಲ್ಲಿರುವುದೂ ಅದೇ ಬಗೆಯ ಹರಳು. ಆದರೆ ಲೈಟರ್ ಕಿಡಿ ಹಾರಿಸುತ್ತದೆ, ಅದನ್ನು ಪ್ಲೇಟಿನ ಹತ್ತಿರ ತರಬೇಡಿ. ಪಿಸ್ತೂಲಿನ ಕುದುರೆಯನ್ನು ನಿಧಾನವಾಗಿ ಒತ್ತಬೇಕು, ಇನ್ನೂ ನಿಧಾನವಾಗಿ ಬಿಡಬೇಕು. ಟಕ್ ಅಂತ ಸದ್ದು ಬಂದರೆ ಅವಸರ ಮಾಡಿದ್ದೀರಿ ಎಂದರ್ಥ. ಬೆಲೆ ಜಾಸ್ತಿ. ಮೊದಲು ಬ್ರಷ್ ಮತ್ತು ಒಳ ಕವರ್‌ಗೆ ದುಡ್ಡು ಹಾಕಿ. ನಿಮ್ಮ ಟರ್ನ್‌ಟೇಬಲ್ ಮೇಲೆ ಉಣ್ಣೆಯಂಥ ಫೆಲ್ಟ್ ಮ್ಯಾಟ್ ಇದ್ದರೆ ಅದನ್ನೂ ಬದಲಾಯಿಸಿ. ಪ್ಲೇಟು ಎತ್ತಿದಾಗ ಮ್ಯಾಟೂ ಅಂಟಿಕೊಂಡು ಬರುತ್ತದೆ, ಅಲ್ವಾ? ಕಾರ್ಕ್ ಅಥವಾ ರಬ್ಬರ್ ಮ್ಯಾಟಿನಲ್ಲಿ ಆ ತೊಂದರೆ ಕಡಿಮೆ.

ಪ್ರಶ್ನೆ (ಶಿರಸಿ): ಅಣ್ಣ, ನಮ್ಮದು ಉಲ್ಟಾ ಕಥೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯೆಲ್ಲ ತಂಡಿ. ಅಟ್ಟದಿಂದ ಇಳಿಸಿದ ಪ್ಲೇಟುಗಳ ಮೇಲೆ ಬಿಳಿ ಜೇಡರ ಬಲೆಯ ಹಾಗೆ ಬೂಷ್ಟು ಹಿಡಿದಿದೆ. ಎಸೆಯಬೇಕಾ?

ಉತ್ತರ: ಎಸೆಯಬೇಡಿ ತಂಗಿ. ನನ್ನ ಹತ್ತಿರ ಬರುವ ಮಲೆನಾಡಿನ ಪ್ಲೇಟುಗಳಲ್ಲಿ ಅರ್ಧಕ್ಕರ್ಧ ಹೀಗೇ ಇರುತ್ತವೆ. ತೊಳೆದ ಮೇಲೆ ಬಹಳಷ್ಟು ಚೆನ್ನಾಗಿಯೇ ಹಾಡುತ್ತವೆ. ಬೂಷ್ಟು ಬೆಳೆಯುವುದು ಬೆರಳಿನ ಜಿಡ್ಡು, ಕಾಗದದ ಪುಡಿ, ಧೂಳು ಇವುಗಳ ಮೇಲೆ. ಪಿವಿಸಿಯನ್ನು ಅದು ಸುಲಭವಾಗಿ ತಿನ್ನುವುದಿಲ್ಲ.

ಒಂದೇ ಒಂದು ಮಾತು ನೆನಪಿಡಿ, ತೊಳೆಯುವ ತನಕ ಅವುಗಳ ಮೇಲೆ ಪ್ಲೇಯರಿನ ಮುಳ್ಳು ಇಡಬೇಡಿ. ಗಟ್ಟಿಯಾದ ಕೊಳೆಯನ್ನು ಮುಳ್ಳು ಗೆರೆಯ ಗೋಡೆಗೆ ಉಜ್ಜಿ ಗಾಯ ಮಾಡುತ್ತದೆ. ಗೆರೆ ಹೆಚ್ಚೂಕಡಿಮೆ ಒಂದು ಕೂದಲೆಳೆಯಷ್ಟೇ ಅಗಲ. ಅಲ್ಲಿ ಆದ ಗಾಯ ಮತ್ತೆ ಮಾಯುವುದಿಲ್ಲ.

ನಾನು ಮಾಡುವ ರೀತಿ ಹೇಳುತ್ತೇನೆ. ಮೊದಲು ಜಗುಲಿಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆ ಬ್ರಷ್‌ನಿಂದ ಮೇಲಿನ ಬೂಷ್ಟನ್ನು ಹಗುರವಾಗಿ ತೆಗೆಯಿರಿ. ಬೇರೆ ಪ್ಲೇಟುಗಳು ಹತ್ತಿರ ಇರಬಾರದು. ಆಮೇಲೆ ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಬಣ್ಣವಿಲ್ಲದ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ಇಷ್ಟು ಕಡಿಮೆಯಾ ಅನ್ನಿಸಬಹುದು. ಜಾಸ್ತಿ ಹಾಕಿದರೆ ಅದೇ ಗೆರೆಯೊಳಗೆ ಒಣಗಿ ಕೂರುತ್ತದೆ. ಬೂಷ್ಟು ಹಿಡಿದವಕ್ಕೆ ಮಾತ್ರ ಹತ್ತನೇ ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್ ಸೇರಿಸುತ್ತೇನೆ.

ನಡುವಿನ ಲೇಬಲ್ ನಾಲ್ಕು ಇಂಚು ಇರುತ್ತದೆ. ಅದಕ್ಕಿಂತ ಸ್ವಲ್ಪ ದೊಡ್ಡದಾದ ಡಬ್ಬಿಯ ಮುಚ್ಚಳ ಅದರ ಮೇಲೆ ಕವುಚಿ ಹಾಕಿ. ದಪ್ಪ ಟವೆಲ್ ಮೇಲೆ ಪ್ಲೇಟು ಇಟ್ಟು, ನೀರು ಸಿಂಪಡಿಸಿ, ಒಂದು ನಿಮಿಷ ನೆನೆಯಲು ಬಿಡಿ. ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಗೆರೆ ಹೋದ ದಾರಿಯಲ್ಲೇ ಸುತ್ತಾಗಿ ಒರೆಸಿ. ಗೆರೆಗೆ ಅಡ್ಡವಾಗಿ ಮಾತ್ರ ಕೈ ಹೋಗಬಾರದು. ಕೊನೆಗೆ ಬರಿಯ ಡಿಸ್ಟಿಲ್ಡ್ ನೀರಿನಿಂದ ಇನ್ನೊಂದು ಸಲ. ಈ ಕೊನೆಯ ನೀರನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ, ಆಮೇಲೆ ಸದ್ದು ಹೋಗಲಿಲ್ಲ ಅನ್ನುತ್ತಾರೆ. ಒಣಗಿಸಲು ಪ್ಲಾಸ್ಟಿಕ್ಕಿನ ತಟ್ಟೆ ಸ್ಟ್ಯಾಂಡ್ ಸಾಕು. ನಿಲ್ಲಿಸಿ, ನೆರಳಿನಲ್ಲಿ, ಪೂರ್ತಿ ಒಣಗಲಿ. ಹಳೆ ಒಳ ಕವರಿಗೆ ಮಾತ್ರ ಮತ್ತೆ ಹಾಕಬೇಡಿ, ಬೂಷ್ಟಿನ ಬೀಜ ಅದರಲ್ಲೇ ಇರುತ್ತದೆ.

ಅಟ್ಟಕ್ಕೆ ವಾಪಸ್ ಬೇಡ. ಹೊರಗಿನ ಗೋಡೆಗೆ ತಾಗದ ಕಪಾಟಿನಲ್ಲಿಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಿ. ಕೋಣೆಯ ತೇವ ಶೇಕಡ 40ರಿಂದ 50ರಷ್ಟಿದ್ದರೆ ಬೂಷ್ಟೂ ಇಲ್ಲ, ಸ್ಟಾಟಿಕ್ಕೂ ಕಡಿಮೆ. ಶಿರಸಿಯ ಮಳೆಯಲ್ಲಿ ಅಷ್ಟಕ್ಕೆ ಇಳಿಸುವುದು ಕಷ್ಟ, ಗೊತ್ತು. ಬಿಸಿಲು ಬಿದ್ದ ದಿನ ಕಪಾಟು ತೆರೆದಿಡಿ. ಪ್ಲೇಟುಗಳನ್ನು ಮಾತ್ರ ಬಿಸಿಲಿಗಿಡಬೇಡಿ.

ಪ್ರಶ್ನೆ (ಬೆಂಗಳೂರು): ಡಿಸ್ಟಿಲ್ಡ್ ನೀರು ಎಲ್ಲಿ ಸಿಗುತ್ತದೆ? ಫಿಲ್ಟರ್ ನೀರು ಸಾಲದೇ?

ಉತ್ತರ: ನಮ್ಮ ಬೋರ್‌ವೆಲ್ ನೀರು ಒಣಗಿದ ಮೇಲೆ ಸ್ಟೀಲ್ ಬಕೆಟ್ಟಿನ ಮೇಲೆ ಬಿಳಿ ಕಲೆ ನೋಡಿದ್ದೀರಲ್ಲ, ಅದೇ ಗೆರೆಯೊಳಗೂ ಕೂರುತ್ತದೆ. ಫಿಲ್ಟರ್ ನೀರಿನಲ್ಲೂ ಸ್ವಲ್ಪ ಉಳಿದಿರುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಕೇಳಿ. ಲೇಬಲ್ ಓದಿ ತೆಗೆದುಕೊಳ್ಳಿ, ಪಕ್ಕದಲ್ಲೇ ಅದೇ ಥರದ ಕ್ಯಾನ್‌ನಲ್ಲಿ ಬ್ಯಾಟರಿ ಆಸಿಡ್ ಇರುತ್ತದೆ.

ಪ್ರಶ್ನೆ (ಮೈಸೂರು): ತಾತನ ಪೆಟ್ಟಿಗೆಯಲ್ಲಿ ದಪ್ಪನೆಯ, ಭಾರವಾದ ಪ್ಲೇಟುಗಳು ಸಿಕ್ಕಿವೆ. ಒಂದು ಕೈ ಜಾರಿ ಬಿದ್ದು ಹಂಚಿನ ಹಾಗೆ ಒಡೆಯಿತು. ಇವಕ್ಕೂ ಇದೇ ಆಲ್ಕೊಹಾಲ್ ಹಾಕಬಹುದೇ?

ಉತ್ತರ: ದಯವಿಟ್ಟು ಬೇಡ! ಒಡೆಯಿತು ಅಂದಾಗಲೇ ಗೊತ್ತಾಯಿತು, ಅವು ನಿಮಿಷಕ್ಕೆ 78 ಸುತ್ತಿನ ಅರಗಿನ ಪ್ಲೇಟುಗಳು. ಪಿವಿಸಿಯ ಎಲ್ಪಿ ಬಂದದ್ದು 1948ರಲ್ಲಿ. ಆದರೆ ನಮ್ಮ ದೇಶದಲ್ಲಿ ಅರಗಿನವು 1960ರ ದಶಕದಲ್ಲೂ ತಯಾರಾಗುತ್ತಿದ್ದವು. ಬಡಗಿಗಳು ಮರಕ್ಕೆ ಹಚ್ಚುವ ಸ್ಪಿರಿಟ್ ಪಾಲಿಶ್ ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಇದೇ ಅರಗು. ಆಲ್ಕೊಹಾಲ್ ತಾಗಿದರೆ ಹಾಡೇ ಕರಗಿ ಬಟ್ಟೆಗೆ ಬರುತ್ತದೆ. ಕೆಲಸ ಕಲಿಯುವಾಗ ನಾನು ಹಾಗೆ ಒಂದು ಪ್ಲೇಟು ಕಳೆದಿದ್ದೇನೆ. ಬಟ್ಟೆ ಕಪ್ಪಾದದ್ದು ನೋಡಿ ಕೊಳೆ ಹೋಗುತ್ತಿದೆ ಅಂತ ಇನ್ನಷ್ಟು ಒರೆಸಿದೆ. ಆ ಬೇಸರ ಇನ್ನೂ ಹೋಗಿಲ್ಲ.

ಇವಕ್ಕೆ ಬರಿ ಡಿಸ್ಟಿಲ್ಡ್ ನೀರು, ಒಂದು ಹನಿ ಲಿಕ್ವಿಡ್, ಹಿಂಡಿದ ಬಟ್ಟೆ. ನೆನೆಸಬಾರದು, ಕೂಡಲೇ ಒಣಗಿಸಬೇಕು. ಎಲ್ಪಿಯ ಮುಳ್ಳಿನಿಂದ ಹಾಕಬೇಡಿ, ಇವುಗಳ ಗೆರೆ ಅಗಲ, ಬೇರೆ ಮುಳ್ಳು ಬೇಕು. ಲೇಬಲ್‌ಗಳನ್ನು ನಿಧಾನವಾಗಿ ಓದಿ ನೋಡಿ. 1902ರಲ್ಲಿ ಭಾರತದ ಮೊದಮೊದಲ ರೆಕಾರ್ಡುಗಳಿಗೆ ಹಾಡಿದ ಗೌಹರ್ ಜಾನ್ ಕೊನೆಗಾಲದಲ್ಲಿ ನಿಮ್ಮ ಊರಿನ ಅರಮನೆಯ ಗಾಯಕಿಯಾಗಿದ್ದರು, 1930ರಲ್ಲಿ ಅಲ್ಲೇ ತೀರಿಕೊಂಡರು. ಮೈಸೂರಿನ ಹಳೆ ಪೆಟ್ಟಿಗೆ ಅಂದರೆ ನನಗೆ ಇವತ್ತಿಗೂ ಆಸೆ ಹುಟ್ಟುತ್ತದೆ.

ಪ್ರಶ್ನೆ (ಹುಬ್ಬಳ್ಳಿ): ಫೆವಿಕಾಲ್ ಸುರಿದು ಒಣಗಿದ ಮೇಲೆ ಸಿಪ್ಪೆಯ ಹಾಗೆ ಎಳೆದರೆ ಕೊಳೆಯೆಲ್ಲ ಬರುತ್ತದೆ ಅಂತ ವಿಡಿಯೋ ನೋಡಿದೆ.

ಉತ್ತರ: ಬರುತ್ತದೆ. ಆದರೆ ಒಂದು ಕಡೆ ತೆಳುವಾದರೆ ಅಲ್ಲಿ ಹರಿದು ಗೆರೆಯಲ್ಲೇ ಉಳಿಯುತ್ತದೆ. ಎಳೆಯುವಾಗ ಹುಟ್ಟುವ ಸ್ಟಾಟಿಕ್ಕೂ ಜಾಸ್ತಿ. ಬೇರೆ ಪ್ರತಿ ಸಿಗದ ಪ್ಲೇಟಿನ ಮೇಲೆ ಇದನ್ನು ಮಾಡಲು ನಾನು ಒಪ್ಪುವುದಿಲ್ಲ. ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಅಂತೂ ಬೇಡವೇ ಬೇಡ.

ಪ್ರಶ್ನೆ (ಬೆಂಗಳೂರು): ಜಾಗ ಕಡಿಮೆ. ಒಂದರ ಮೇಲೊಂದು ಪೇರಿಸಿ ಇಡಬಹುದೇ?

ಉತ್ತರ: ಬೇಡ. 100 ಎಲ್ಪಿ ಕವರ್ ಸಮೇತ 20 ಕಿಲೋ ದಾಟುತ್ತದೆ. ಆ ಭಾರ ಕೆಳಗಿನ ಪ್ಲೇಟಿನ ಮೇಲೆ ಬೀಳುತ್ತದೆ. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ವಾಲಿದರೂ ಬಾಗುತ್ತವೆ, ಹಾಗಾಗಿ ಅಡಿಗೊಂದು ಅಡ್ಡಹಲಗೆ ಇರಲಿ. ಬೆರಳು ಸಲೀಸಾಗಿ ತೂರುವಷ್ಟು ಸಡಿಲ ಬಿಡಿ. ಮೆತ್ತನೆಯ ದಪ್ಪ ಪಿವಿಸಿ ಹೊರ ಕವರ್‌ಗಳನ್ನು ತೆಗೆದುಬಿಡಿ, ವರ್ಷಗಳು ಕಳೆದಂತೆ ಅವು ಪ್ಲೇಟಿನ ಮೇಲೆ ಮಬ್ಬು ಬಿಡುತ್ತವೆ. ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಒಳ್ಳೆಯದು. ಅಂಗಡಿಯಿಂದ ತರುವಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟು ಹೋಗಬೇಡಿ. ಊಟ ಮುಗಿಸಿ ಬರುವಷ್ಟರಲ್ಲಿ ಅಲೆಯಾಗಿರುತ್ತವೆ.

ಪ್ರಶ್ನೆ (ನ್ಯೂಜೆರ್ಸಿ): ಊರಿನಿಂದ ತಂದ ಪ್ಲೇಟುಗಳು ಇಲ್ಲಿ ಚಳಿಗಾಲದಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತವೆ.

ಉತ್ತರ: ಹೀಟರ್ ಗಾಳಿಯನ್ನು ಧಾರವಾಡದ ಮಾರ್ಚ್‌ಗಿಂತ ಹೆಚ್ಚು ಒಣಗಿಸುತ್ತದೆ. ಆ ಕೋಣೆಗೆ ಗಾಳಿಗೆ ತೇವ ಸೇರಿಸುವ ಒಂದು ಹ್ಯುಮಿಡಿಫೈಯರ್ ಇಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಕಾರ್ಬನ್ ಬ್ರಷ್ ಹೇಗೂ ಬೇಕು.

ಮರುಪ್ರಶ್ನೆ (ಧಾರವಾಡ): ಸರ್, ಇನ್ನೊಂದು. ಹೊಸ ಒಳ ಕವರ್ ತರಿಸಿದೆ. ಆದರೆ ಹಳೆ ಕಾಗದದ ಕವರ್‌ಗಳ ಮೇಲೆ ತಂದೆಯವರು ಪೆನ್ಸಿಲ್‌ನಲ್ಲಿ ಕೊಂಡ ತಾರೀಕು, ರಾಗದ ಹೆಸರು ಎಲ್ಲ ಬರೆದಿದ್ದಾರೆ. ಬಿಸಾಡಲು ಮನಸ್ಸು ಬರುತ್ತಿಲ್ಲ.

ಉತ್ತರ: ಬಿಸಾಡಲೇಬೇಡಿ ಸರ್. ಬೂಷ್ಟು ಇಲ್ಲದಿದ್ದರೆ ಆ ಖಾಲಿ ಕವರನ್ನು ಅದೇ ಪ್ಲೇಟಿನ ರಟ್ಟಿನ ಜಾಕೆಟ್‌ನೊಳಗೆ, ಹೊಸ ಕವರಿನ ಹಿಂದೆ ಚಪ್ಪಟೆಯಾಗಿ ಸೇರಿಸಿಡಿ. ಬರವಣಿಗೆಯ ಮಗ್ಗುಲು ಜಾಕೆಟ್ಟಿನ ಕಡೆಗಿರಲಿ. ನಾನೂ ಹಾಗೇ ಇಡುತ್ತೇನೆ.