ಮಾವಿ ದ್ವೀಪದಲ್ಲಿ ಜಿಂಕೆ ಬೇಟೆ: ಸಂಸಾರದ ಟ್ರಿಪ್ ಮಧ್ಯೆ ಇದು ಬೇಕಾ?

ಸರಸ್ವತಿಪುರಂ ಸೈಕಲ್: ಡಿಸೆಂಬರ್‌ನಲ್ಲಿ ಹವಾಯಿಗೆ ಹೊರಟಿದ್ದೇವೆ. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ಸಿಯಾಟಲ್‌ನಿಂದ ಅಕ್ಕ, ಬಾವ ಬಂದು ಸೇರುತ್ತಾರೆ. ಮಾವಿ ದ್ವೀಪದಲ್ಲಿ ಎಂಟು ದಿನ. ಬಾವನಿಗೆ ಬೇಟೆ ಹುಚ್ಚು. ಒಂದು ದಿನ ಗೈಡ್ ಜೊತೆ ಜಿಂಕೆ ಬೇಟೆಗೆ ಹೋಗೋಣ ಬಾ ಎಂದು ಫೋನ್ ಮೇಲೆ ಫೋನ್. ನನಗೆ ಆಸೆಯೂ ಇದೆ, ಅಳುಕೂ ಇದೆ. ಬಂಡೀಪುರ ರಸ್ತೆಯಲ್ಲಿ ಜಿಂಕೆ ಕಂಡರೆ ಕಾರು ನಿಧಾನ ಮಾಡಿ ಮಕ್ಕಳಿಗೆ ತೋರಿಸುವವನು ನಾನು. ಅಲ್ಲಿ ಹೋಗಿ ಅದಕ್ಕೇ ಗುಂಡು ಹೊಡೆಯುವುದಾ? ಇನ್ನೊಂದು, ಎಂಟು ದಿನದಲ್ಲಿ ಒಂದು ದಿನ ಮನೆಯವರನ್ನು ಬಿಟ್ಟು ಹೋಗುವುದು ಸರಿಯಾ? ಅನುಭವ ಇರುವವರು ಹೇಳಿ.

ಮದ್ದೂರು ವಡೆ: ಹೋಗು ಗುರು, ಕೇಳುವುದೇನಿದೆ! ಇಲ್ಲಿ ಹೊಡೆದರೆ ಜೈಲು, ಅಲ್ಲಿ ಹೊಡೆದರೆ ಬಾಡೂಟ. ಇಂಥ ಅವಕಾಶ ಇನ್ಯಾವಾಗ ಸಿಗುತ್ತದೆ?

ಒಂಟಿಕೊಪ್ಪಲು ಅಕ್ಕ: ಒಂದು ಪ್ರಶ್ನೆ. ನೀವು ಬೆಳಗಿನ ಜಾವ ಎದ್ದು ಬಾವನ ಜೊತೆ ಹೊರಟರೆ ಇಬ್ಬರು ಮಕ್ಕಳು, ವಯಸ್ಸಾದ ಅಮ್ಮ, ಸಮುದ್ರ, ಇಷ್ಟನ್ನೂ ನೋಡಿಕೊಳ್ಳುವವರು ಯಾರು? ನಿಮ್ಮ ಹೆಂಡತಿಗೂ ಅದು ರಜಾ ಅಲ್ವಾ? ಜಿಂಕೆಯ ವಿಷಯ ಆಮೇಲೆ ಮಾತಾಡೋಣ.

ಸರಸ್ವತಿಪುರಂ ಸೈಕಲ್: ಅಕ್ಕ, ಅವಳು ಇದೇ ಮಾತು ಹೇಳಿದಳು. ಸ್ವಲ್ಪ ಜೋರು ದನಿಯಲ್ಲಿ.

ಕಬಿನಿ ಹಿನ್ನೀರು: ನಾನು ಅರಣ್ಯ ಇಲಾಖೆಯಲ್ಲಿದ್ದು ರಿಟೈರ್ ಆದವನು. ಈ ಜಿಂಕೆಯ ಕಥೆ ಗೊತ್ತಾದರೆ ನಿಮ್ಮ ಅಳುಕಿನ ಸ್ವರೂಪ ಸ್ವಲ್ಪ ಬದಲಾಗಬಹುದು. ಅಲ್ಲಿ ಆಕ್ಸಿಸ್ ಡಿಯರ್ ಎನ್ನುವುದು ಬೇರೆ ಯಾವುದೋ ಪ್ರಾಣಿಯಲ್ಲ, ನಮ್ಮ ಚುಕ್ಕೆ ಜಿಂಕೆಯೇ. 1860ರ ದಶಕದ ಕೊನೆಗೆ ಹವಾಯಿಯ ರಾಜ ಐದನೇ ಕಮೇಹಮೇಹನಿಗೆ ಉಡುಗೊರೆಯಾಗಿ ಹಾಂಗ್‌ಕಾಂಗ್ ಕಡೆಯಿಂದ ಹಡಗಿನಲ್ಲಿ ಹೋದವು. ಮೊದಲು ಮೊಲೊಕಾಯಿ ದ್ವೀಪ, ಆಮೇಲೆ ಲಾನೈ. ಮಾವಿಗೆ ಬಿಟ್ಟಿದ್ದು 1959ರಲ್ಲಿ, ಅದೂ ಬೇಟೆಗೆ ಬೇಕು ಅಂತಲೇ. ಬೆರಳೆಣಿಕೆಯಷ್ಟು ಬಿಟ್ಟದ್ದು ಈಗ ಸಾವಿರಗಟ್ಟಲೆ ಆಗಿದೆ.

ಕಾರಣ ಸರಳ. ನಾಗರಹೊಳೆಯಲ್ಲಿ ಒಂದು ಜಿಂಕೆ ಹುಟ್ಟಿದರೆ ಅದರ ಹಿಂದೆ ಹುಲಿ, ಚಿರತೆ, ಸೀಳುನಾಯಿ ಮೂರೂ ಇರುತ್ತವೆ. ಅಲ್ಲಿ ಒಂದೂ ಇಲ್ಲ. ಆ ದ್ವೀಪಗಳಲ್ಲಿ ನೆಲದ ಮೇಲೆ ಓಡಾಡುವ ಮೂಲ ಸಸ್ತನಿಯೇ ಇರಲಿಲ್ಲ, ಇದ್ದದ್ದು ಒಂದು ಬಾವಲಿ. ಹಾಗಾಗಿ ಅಲ್ಲಿನ ಗಿಡಗಳಿಗೆ ಮೇಯುವ ಬಾಯಿಯ ಪರಿಚಯವೇ ಇಲ್ಲ. ಹೆಚ್ಚಿನವಕ್ಕೆ ಮುಳ್ಳಿಲ್ಲ, ಕಹಿಯಿಲ್ಲ. ಜಿಂಕೆ ಮೇಯ್ದು ನೆಲ ಬೋಳಾಗುತ್ತದೆ, ಮಳೆ ಬಂದರೆ ಕೆಂಪು ಮಣ್ಣು ಸಮುದ್ರಕ್ಕೆ ಇಳಿದು ಹವಳದ ಮೇಲೆ ಕೂರುತ್ತದೆ. ನಿಮ್ಮ ಮಕ್ಕಳು ನೀರೊಳಗೆ ಮುಖವಿಟ್ಟು ನೋಡುವುದು ಅದೇ ಹವಳವನ್ನು.

ಕುಕ್ಕರಹಳ್ಳಿ ವಾಕರ್: ಸಾರ್, ಜಾಸ್ತಿ ಆಯಿತು ಅಂತ ಕೊಲ್ಲುವುದು ಸರಿ ಎನ್ನುವುದಾದರೆ ಅದನ್ನು ಅಲ್ಲಿನ ಸರ್ಕಾರ ಮಾಡಲಿ. ರಜಾಕ್ಕೆ ಹೋದವನು ದುಡ್ಡು ಕೊಟ್ಟು ಖುಷಿಗೆ ಹೊಡೆಯುವುದಕ್ಕೆ ಪರಿಸರದ ಬಣ್ಣ ಬಳಿಯಬೇಡಿ. ನಮ್ಮೂರಲ್ಲಿ ಇದನ್ನೆಲ್ಲ ನೋಡಿ ಆಗಿದೆ. ಹುಲಿ, ಚಿರತೆ ಚರ್ಮಕ್ಕೆ ಹೊಟ್ಟು ತುಂಬಿ ನಿಲ್ಲಿಸುವ ವ್ಯಾನ್ ಇಂಗೆನ್ ಅಂಗಡಿ ಇದ್ದದ್ದು ಇದೇ ಮೈಸೂರಲ್ಲಿ. ಅವತ್ತಿನ ಶಿಕಾರಿಗಳೂ ಕಾಡಲ್ಲಿ ಬೇಕಾದಷ್ಟಿವೆ ಅಂತಲೇ ಹೊಡೆದರು.

ಕಬಿನಿ ಹಿನ್ನೀರು: ಒಪ್ಪುತ್ತೇನೆ, ಒಂದು ವ್ಯತ್ಯಾಸ ಬಿಟ್ಟು. ಇಲ್ಲಿ ಹೊಡೆದದ್ದು ಇಲ್ಲಿಯದೇ ಪ್ರಾಣಿಯನ್ನು. 1972ರ ವನ್ಯಜೀವಿ ಕಾಯ್ದೆ ಬಂತು, 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು, ಅದಕ್ಕೇ ಇವತ್ತು ನೀವು ಕಾರು ನಿಧಾನ ಮಾಡುತ್ತೀರಿ. ಕಾಡಾನೆ ಹಿಡಿಯುವ ಕಾಕನಕೋಟೆಯ ಖೆಡ್ಡಾ ಕೂಡ 1971ಕ್ಕೆ ಕೊನೆಯಾಯಿತು. ಅಲ್ಲಿನದು ಉಲ್ಟಾ ಸಮಸ್ಯೆ. ಜಿಂಕೆ ಕಾಟ ತಡೆಯಲಾಗದೆ 2022ರಲ್ಲಿ ಮಾವಿ ಕಡೆಗೆ ಗವರ್ನರ್ ತುರ್ತು ಘೋಷಣೆಯನ್ನೇ ಹೊರಡಿಸಿದ್ದರು. ಅದಕ್ಕೂ ಮುಂಚೆ ಬರ ಬಿದ್ದಾಗ ಮೊಲೊಕಾಯಿಯಲ್ಲಿ ಮೇವಿಲ್ಲದೆ ನೂರಾರು ಜಿಂಕೆಗಳು ರಸ್ತೆ ಬದಿಯಲ್ಲಿ ಸತ್ತು ಬಿದ್ದವು. ಹಸಿದು ಸಾಯುವುದು ಗುಂಡಿಗಿಂತ ಮೃದುವಾದ ಸಾವಲ್ಲ.

ಮಳವಳ್ಳಿ ರಾಗಿಹೊಲ: ನಾನು ರೈತ. ಈ ಚರ್ಚೆ ಓದಿ ಸ್ವಲ್ಪ ನಗು ಬಂತು, ಸ್ವಲ್ಪ ಹೊಟ್ಟೆ ಉರಿಯಿತು. ನಮ್ಮ ಹೊಲಕ್ಕೆ ಹಂದಿ ನುಗ್ಗಿದರೆ ರಾತ್ರಿಯೆಲ್ಲ ಪಟಾಕಿ ಹಿಡಿದು ಕೂರಬೇಕು. ತೆನೆ ಬಲಿಯುವ ಹೊತ್ತಿಗೆ ಒಂದೇ ರಾತ್ರಿಯಲ್ಲಿ ಕಾಲು ಎಕರೆ ಮಗುಚಿ ಹಾಕುತ್ತವೆ. ಕೆಲವರು ಉರುಳು ಹಾಕುತ್ತಾರೆ. ನಾನು ಹಾಕುವುದಿಲ್ಲ. ಒಮ್ಮೆ ಪಕ್ಕದ ಕಬ್ಬಿನ ಗದ್ದೆ ಬೇಲಿಯಲ್ಲಿ ಹಂದಿಗೆ ಹಾಕಿದ ಉರುಳಿಗೆ ಚಿರತೆ ಸಿಕ್ಕಿ ಒದ್ದಾಡಿದ್ದನ್ನು ನೋಡಿದ್ದೇನೆ, ಆ ಸದ್ದು ಮರೆಯುವುದಿಲ್ಲ. ಮಾವಿಯ ರೈತನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿ ಅದಕ್ಕೆ ದುಡ್ಡು ಕೊಟ್ಟು ಜನ ವಿಮಾನದಲ್ಲಿ ಬರುತ್ತಾರಲ್ಲ, ಭಲೇ.

ಸ್ಯಾನ್ ಹೊಸೆ ಪಾಂಡವಪುರ: ನಾನು ಎರಡು ವರ್ಷದ ಹಿಂದೆ ಲಾನೈನಲ್ಲಿ ಹೋಗಿದ್ದೆ. ಧರ್ಮ ಕರ್ಮ ನೀವು ನೋಡಿಕೊಳ್ಳಿ, ನಾನು ಕಾಗದ ಪತ್ರದ ವಿಷಯ ಹೇಳುತ್ತೇನೆ, ಯಾಕೆಂದರೆ ಜನ ಎಡವುವುದು ಅಲ್ಲೇ.

ನೀವು ಟೂರಿಸ್ಟ್ ವೀಸಾದಲ್ಲಿ ಬರುತ್ತೀರಿ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಕೆಲವು ವಿನಾಯಿತಿಗಳಿವೆ, ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇರುವುದು ಅದರಲ್ಲೊಂದು. ಅಂದರೆ ಲೈಸೆನ್ಸ್ ಕೈಗೆ ಬರುವ ಮುಂಚೆ ಬಾವನ ರೈಫಲ್ ಅನ್ನು "ಸುಮ್ನೆ ಹಿಡಿದು ನೋಡುತ್ತೇನೆ" ಅನ್ನಲೂಬೇಡಿ. ಹವಾಯಿಯಲ್ಲಿ ಲೈಸೆನ್ಸ್ ಬೇಕೆಂದರೆ 1971ರ ನಂತರ ಹುಟ್ಟಿದವರು ಬೇಟೆಗಾರರ ಸುರಕ್ಷತಾ ಕೋರ್ಸ್ ಮುಗಿಸಿರಬೇಕು. ಖಾಸಗಿ ಜಾಗದಲ್ಲಿ ಗೈಡ್ ಜೊತೆ ಹೋದರೂ ಲೈಸೆನ್ಸ್ ಬೇಕು. ಬಾವನ ಹತ್ತಿರ ವಾಷಿಂಗ್ಟನ್ ರಾಜ್ಯದ ಕೋರ್ಸ್ ಸರ್ಟಿಫಿಕೇಟ್ ಇದ್ದರೆ ಅವರಿಗೆ ಸುಲಭ. ನಿಮ್ಮ ಕಥೆ ಬೇರೆ. ಇದೆಲ್ಲ ಮಾವಿಗೆ ಇಳಿದ ಮೇಲೆ ಮಾಡಲಾಗುವುದಿಲ್ಲ. ಗೈಡ್‌ಗೆ ಈಗಲೇ ಬರೆದು ನಿಮ್ಮ ವೀಸಾ ವಿಷಯ ಬಾಯಿಬಿಟ್ಟು ಹೇಳಿ.

ಬಾವ ತಮ್ಮದೇ ಬಂದೂಕು ತಂದರೆ ಬಂದ ಐದು ದಿನದೊಳಗೆ ಪೊಲೀಸರ ಹತ್ತಿರ ನೋಂದಾಯಿಸಬೇಕು. ರಜಾದ ಅರ್ಧ ದಿನ ಅದಕ್ಕೇ ಹೋಗುತ್ತದೆ. ಗೈಡ್ ಬಂದೂಕೇ ವಾಸಿ.

ಮದ್ದೂರು ವಡೆ: ಇಷ್ಟೊಂದು ಕಾಟನಾ? ನಾನು ಹೋಗು ಅಂದದ್ದು ವಾಪಸ್.

ಒಂಟಿಕೊಪ್ಪಲು ಅಕ್ಕ: ಹೊಸೆ ಅಣ್ಣ, ದಿನವಿಡೀ ಹಿಡಿಯುತ್ತಾ?

ಸ್ಯಾನ್ ಹೊಸೆ ಪಾಂಡವಪುರ: ಇಲ್ಲ ಅಕ್ಕ. ಜಿಂಕೆ ಸಿಗುವುದೇ ಬೆಳಗ್ಗೆ ಬೆಳಕಾಗುವ ಹೊತ್ತು, ಇಲ್ಲವೇ ಸಂಜೆ. ಮಧ್ಯಾಹ್ನ ಅವೂ ಮಲಗುತ್ತವೆ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟುವುದು ಏಳರ ಹತ್ತಿರ. ನಾಲ್ಕೂವರೆ ಐದಕ್ಕೆ ಹೊರಟು, ಮಾವಿಯ ಕೂಲ, ಉಲುಪಲಕುವಾ ಕಡೆಯ ಇಳಿಜಾರಿಗೆ ಹೋಗಿ, ಅದೃಷ್ಟ ಇದ್ದರೆ ಹನ್ನೊಂದಕ್ಕೆ ವಾಪಸ್. ಇನ್ನೊಂದು ಗುಟ್ಟು. ಮೈಸೂರಿಗೂ ಹವಾಯಿಗೂ ಹದಿನೈದೂವರೆ ಗಂಟೆ ವ್ಯತ್ಯಾಸ. ನೇರ ಬಂದವರು ಮೊದಲ ಎರಡು ಮೂರು ದಿನ ಹೊತ್ತಲ್ಲದ ಹೊತ್ತಿನಲ್ಲಿ ಕಣ್ಣು ಬಿಟ್ಟು ಕೂತಿರುತ್ತಾರೆ. ನಾನು ಬೇಟೆ ಇಟ್ಟುಕೊಂಡದ್ದು ಎರಡನೇ ದಿನವೇ. ಮಕ್ಕಳು ಏಳುವ ಹೊತ್ತಿಗೆ ಅರ್ಧ ಕೆಲಸ ಮುಗಿದಿತ್ತು.

ಆದರೆ ನಿಜ ಹೇಳಲಾ? ಗುಂಡು ಹೊಡೆಯುವುದು ಎರಡು ಸೆಕೆಂಡ್. ಅದಕ್ಕೆ ಮುಂಚೆ ಮೂರು ಗಂಟೆ ಒಣಹುಲ್ಲಿನಲ್ಲಿ ಹೊಟ್ಟೆ ಮೇಲೆ ತೆವಳುವುದು, ಆಮೇಲೆ ಎರಡು ಗಂಟೆ ಸುಲಿಯುವುದು, ಕೊಯ್ಯುವುದು, ಬೆನ್ನ ಮೇಲೆ ಹೊರುವುದು. ಹುಲಿಯಿಲ್ಲದ ಊರಲ್ಲಿ ನೂರೈವತ್ತು ವರ್ಷ ಕಳೆದರೂ ಅವುಗಳ ಹೆದರಿಕೆ ಹೋಗಿಲ್ಲ. ನಾನು ಕೆಮ್ಮಿದೆ, ಮಂದೆಗೆ ಮಂದೆಯೇ ಮಾಯ. ಗೈಡ್ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಕುಕ್ಕರಹಳ್ಳಿ ವಾಕರ್: ಎರಡನೇ ಸಲ ಸಿಕ್ಕಿತಾ?

ಸ್ಯಾನ್ ಹೊಸೆ ಪಾಂಡವಪುರ: ಸಿಕ್ಕಿತು. ಹೆಣ್ಣು ಜಿಂಕೆ. ಹೊಡೆದೆ. ಹತ್ತಿರ ಹೋಗಿ ಚುಕ್ಕೆ ನೋಡಿದಾಗ ಚೆನ್ನಾಗಿ ಅನಿಸಲಿಲ್ಲ, ಸುಳ್ಳು ಹೇಳುವುದಿಲ್ಲ. ನಾನೂ ಚಿಕ್ಕವನಿದ್ದಾಗ ನಿಮ್ಮ ಹಾಗೆಯೇ ಬಸ್ಸಿನ ಕಿಟಕಿಯಲ್ಲಿ ಎಣಿಸಿದವನು. ಮಾಂಸ ಅಷ್ಟನ್ನೂ ಮನೆಗೆ ತಂದು ತಿಂದೆವು, ಒಂದು ತುಂಡೂ ಹಾಳು ಮಾಡಲಿಲ್ಲ. ಮತ್ತೆ ಹೋಗಿಲ್ಲ. ಹೋಗುವುದೇ ಇಲ್ಲ ಅಂತಲೂ ಅಲ್ಲ.

ಕುಕ್ಕರಹಳ್ಳಿ ವಾಕರ್: ಈ ಉತ್ತರಕ್ಕೆ ನನ್ನ ಹತ್ತಿರ ಮಾತಿಲ್ಲ. ಆದರೂ ನಾನಾದರೆ ಹೋಗುವುದಿಲ್ಲ.

ಕಬಿನಿ ಹಿನ್ನೀರು: ಸೈಕಲ್ ಅವರಿಗೆ ಒಂದು ಕಿವಿಮಾತು. ಏನೇ ಮಾಡಿ, ಕೊಂಬು ಮಾತ್ರ ನೆನಪಿಗೆ ಅಂತ ಸೂಟ್‌ಕೇಸಿಗೆ ಹಾಕಬೇಡಿ. ಮಾವಿಯ ಕೊಂಬಿಗೂ ಬಂಡೀಪುರದ ಕೊಂಬಿಗೂ ನೋಡಲು ವ್ಯತ್ಯಾಸವಿಲ್ಲ. ಇಲ್ಲಿ ತಾನಾಗಿ ಉದುರಿದ ಕೊಂಬನ್ನು ಕಾಡಿಂದ ಎತ್ತಿಕೊಂಡು ಬಂದರೂ ಕೇಸು. ಸರಸ್ವತಿಪುರಂ ಮನೆಯ ಗೋಡೆ ಮೇಲೆ ಅದು ಕಂಡರೆ "ಹವಾಯಿಯದು ಸಾರ್" ಅನ್ನುವುದನ್ನು ಯಾರೂ ನಂಬುವುದಿಲ್ಲ. ನಾನು ಡ್ಯೂಟಿಯಲ್ಲಿ ಇದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಹಾಗೆಯೇ ಬೆಟ್ಟದ ತೊರೆ ನೀರಿಗೆ ಗಾಯದ ಕಾಲು ಇಡಬೇಡಿ, ಕುಡಿಯಲೂಬೇಡಿ. ಹವಾಯಿಯಲ್ಲೂ ಇಲಿ ಜ್ವರ ಇದೆ. ಇದು ಬೇಟೆಗೆ ಹೋಗದ ಮಕ್ಕಳಿಗೂ ಅನ್ವಯ, ಜಲಪಾತ ಕಂಡರೆ ಅವರೇ ಮೊದಲು ಓಡುವುದು.

ಮಳವಳ್ಳಿ ರಾಗಿಹೊಲ: ಒಂದು ಕೇಳಲೇ? ಜಿಂಕೆ ಈಜಿಕೊಂಡು ಪಕ್ಕದ ದ್ವೀಪಕ್ಕೆ ಹೋಗುವುದಿಲ್ಲವಾ?

ಸ್ಯಾನ್ ಹೊಸೆ ಪಾಂಡವಪುರ: ಅವು ಹೋಗಲಿಲ್ಲ, ಮನುಷ್ಯನೇ ಹೊತ್ತುಕೊಂಡು ಹೋದ! ಬಿಗ್ ಐಲ್ಯಾಂಡ್ ಅನ್ನುವ ದೊಡ್ಡ ದ್ವೀಪದಲ್ಲಿ ಈ ಜಿಂಕೆ ಇರಲಿಲ್ಲ. 2009ರಲ್ಲಿ ಯಾರೋ ಮಾವಿಯಿಂದ ಹೆಲಿಕಾಪ್ಟರ್‌ನಲ್ಲಿ ಕದ್ದು ಸಾಗಿಸಿ, ಬದಲಿಗೆ ಅಲ್ಲಿಂದ ಮೌಫ್ಲಾನ್ ಅನ್ನುವ ಕಾಡು ಜಾತಿಯ ಕುರಿ ತಂದರು. ಎರಡೂ ಕಡೆ ಬೇಟೆಗೆ ಹೊಸ ಪ್ರಾಣಿ ಬೇಕಿತ್ತು ಅಷ್ಟೇ. ಸಿಕ್ಕಿಬಿದ್ದರು, ಶಿಕ್ಷೆಯೂ ಆಯಿತು. ಆ ಜಿಂಕೆಗಳನ್ನು ಹುಡುಕಿ ಹುಡುಕಿ ಮುಗಿಸಬೇಕಾಯಿತು.

ಕುಕ್ಕರಹಳ್ಳಿ ವಾಕರ್: ನೋಡಿ, ಬೇಟೆಯ ಹುಚ್ಚೇ ಮೊದಲು ತಂದದ್ದು, ಈಗ ಅದನ್ನೇ ಮದ್ದು ಅನ್ನುತ್ತೀರಿ.

ಕಬಿನಿ ಹಿನ್ನೀರು: ಈ ಮಾತಿಗೆ ನನ್ನ ಹತ್ತಿರವೂ ಉತ್ತರವಿಲ್ಲ.

ಸರಸ್ವತಿಪುರಂ ಸೈಕಲ್: ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಊಟದ ಹೊತ್ತಲ್ಲಿ ಮನೆಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ತೀರ್ಮಾನ ಹೀಗಾಯಿತು. ಲೈಸೆನ್ಸ್ ಬಾವನಿಗೆ ಮಾತ್ರ. ನಾನು ಬಂದೂಕು ಮುಟ್ಟುವುದಿಲ್ಲ. ಗೈಡ್ ಒಪ್ಪಿದರೆ ಎರಡನೇ ದಿನ ಬೆಳಗ್ಗೆ ಜೊತೆಗೆ ಹೋಗಿ ಹೊರುವ ಕೆಲಸ ಮಾಡುತ್ತೇನೆ. ಹನ್ನೊಂದರೊಳಗೆ ಬರದಿದ್ದರೆ ಮಧ್ಯಾಹ್ನದಿಂದ ಮಕ್ಕಳು ನನ್ನ ಪಾಲು. ಅದರ ಮಾರನೇ ದಿನ ಪೂರ್ತಿ ಹೆಂಡತಿಗೆ ರಜಾ, ಅವಳು ಎಲ್ಲಿಗೆ ಬೇಕಾದರೂ ಹೋಗಲಿ, ಪ್ರಶ್ನೆ ಕೇಳುವಂತಿಲ್ಲ. ಮಗಳು ಮಾತ್ರ ಮಾತು ಬಿಟ್ಟಿದ್ದಾಳೆ. ಜಿಂಕೆ ಹೊಡೆದರೆ ಬಾವನನ್ನು ಮಾಮ ಅಂತ ಕರೆಯುವುದಿಲ್ಲವಂತೆ.

ಆಶ್ಚರ್ಯ ಅಂದರೆ ಅಮ್ಮ. ಅವರ ಅಜ್ಜನ ಕಾಲದಲ್ಲಿ ಹೆಗ್ಗಡದೇವನಕೋಟೆ ಕಡೆಯ ಮನೆಯಲ್ಲಿ ಜಿಂಕೆ ಬಾಡು ಮಾಡುತ್ತಿದ್ದರಂತೆ. ಕೊಬ್ಬಿಲ್ಲದ ಮಾಂಸ, ಎಣ್ಣೆ ಮುಂದಾಗಿ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಬೇಕು ಎಂದು ಇಷ್ಟು ವರ್ಷದಲ್ಲಿ ಮೊದಲ ಸಲ ಹೇಳಿದರು. ಖಾರದ ಪುಡಿ ಮನೆಯಿಂದಲೇ ಒಯ್ಯಬೇಕಂತೆ, ಅಲ್ಲಿಯದರ ಮೇಲೆ ನಂಬಿಕೆ ಇಲ್ಲ.

ಒಂಟಿಕೊಪ್ಪಲು ಅಕ್ಕ: ಪುಡಿಯನ್ನು ಎರಡು ಕವರ್‌ನಲ್ಲಿ ಕಟ್ಟಿ, ಮೇಲೆ ಹೆಸರು ಬರೆಯಿರಿ. ನಮ್ಮದು ಒಂದು ಸಲ ಸೀರೆಗಳ ಮಧ್ಯೆ ಒಡೆದುಹೋಗಿತ್ತು.