ಅಪ್‌ಡೇಟ್: ಪೋಷಕರ ಸಮೀಕ್ಷೆಯ ಪ್ರಶ್ನೆಗಳು

ಶಾಲಾ ಸಮೀಕ್ಷೆಯಲ್ಲಿ ‘ತಂದೆಯ ಹೆಸರು, ತಾಯಿಯ ಹೆಸರು’ ಎಂಬುದಕ್ಕೆ ಬದಲಾಗಿ ಏನು ಕೇಳಬಹುದೆಂದು ವಿಚಾರಿಸಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಈಗ ‘ಮಗುವನ್ನು ದಿನನಿತ್ಯ ನೋಡಿಕೊಳ್ಳುವವರು ಯಾರು?’ ಎಂದು ಕೇಳಿ, ಒಂದಕ್ಕಿಂತ ಹೆಚ್ಚು ಉತ್ತರಗಳಿಗೆ ಅವಕಾಶ ಕೊಟ್ಟು, ತಂದೆತಾಯಿಯರಲ್ಲದೆ ಅಜ್ಜಿ, ದೊಡ್ಡಮ್ಮ, ಸೋದರಮಾವ, ಹಾಸ್ಟೆಲ್ ವಾರ್ಡನ್ ಮೊದಲಾದವರನ್ನು ಸೇರಿಸಿ, ಸಂಬಂಧವನ್ನು ಸ್ವತಃ ಬರೆಯಲು ಖಾಲಿ ಜಾಗವನ್ನೂ ಇಟ್ಟಿದ್ದೇವೆ. ಕಾನೂನುಬದ್ಧ ಪಾಲಕರು ಯಾರೆಂಬುದು ಬೇರೆಯೇ ಪ್ರಶ್ನೆ. ಸಹಿ ಹಾಕುವವರೂ ಊಟ ಬಡಿಸುವವರೂ ಒಬ್ಬರೇ ಆಗಿರಬೇಕಿಲ್ಲ. ವೈವಾಹಿಕ ಸ್ಥಿತಿಯ ಪ್ರಶ್ನೆಯಿಂದ ನಮಗೆ ಆಗಬೇಕಾದದ್ದೇನೂ ಇಲ್ಲದ್ದರಿಂದ ಅದನ್ನು ಕೈಬಿಟ್ಟೆವು. ತಂದೆಯ ಹೆಸರು ಕಡ್ಡಾಯವೆಂದು ವಾದಿಸಿದವರಿಗೆ, ಅವಿವಾಹಿತ ತಾಯಿಯು ತಂದೆಯ ಹೆಸರನ್ನು ತಿಳಿಸದೆಯೇ ಪಾಲಕಿಯಾಗಬಹುದೆಂಬ ಸುಪ್ರೀಂ ಕೋರ್ಟಿನ 2015ರ ತೀರ್ಪನ್ನೂ, ಪಾಸ್‌ಪೋರ್ಟ್ ಅರ್ಜಿಗೆ ಒಬ್ಬ ಪೋಷಕರ ಹೆಸರೇ ಸಾಕೆಂಬ 2016ರ ನಿಯಮವನ್ನೂ ತೋರಿಸಿದೆ. ಪೋಷಕರ ವಿದ್ಯಾಭ್ಯಾಸದ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ. ಮನೆಯಲ್ಲಿ ಮಗುವಿಗೆ ಪಾಠ ಹೇಳಿಕೊಡುವವರ ಓದನ್ನು ಕೇಳುವುದೇ ಸರಿಯೆಂದು ನನ್ನ ಅಭಿಪ್ರಾಯ.