ಅಪ್‌ಡೇಟ್: ಅಪ್ಪಾಜಿ ಈಗ ತಾವೇ ಊಟ ಮಾಡುತ್ತಿದ್ದಾರೆ

ಕಿರುಮೆದುಳಿನ (ಚಲನೆಯ ಅಳತೆ, ಸಮತೋಲನ ನೋಡಿಕೊಳ್ಳುವ ಮೆದುಳಿನ ಹಿಂದಿನ ಭಾಗ) ಸ್ಟ್ರೋಕ್ ಆದಮೇಲೆ ಅಪ್ಪಾಜಿಯ ಬಲಗೈ ಲೋಟ ದಾಟಿ ಮುಂದೆ ಹೋಗುತ್ತೆ, ಏನು ಮಾಡಲಿ ಅಂತ ಮೂರು ವಾರದ ಹಿಂದೆ ಕಲಬುರಗಿಯಿಂದ ಕೇಳಿದ್ದೆ.

ಚೆಂಡು ಹಿಸುಕಿಸಿದ್ದು ಉಪಯೋಗಕ್ಕೆ ಬರಲಿಲ್ಲ. ಕೈಯಲ್ಲಿ ಬಲ ಇದೆ, ಅಳತೆ ತಪ್ಪಿದೆ ಅಷ್ಟೇ ಅಂದರು ಫಿಸಿಯೋ. ಮಣಿಕಟ್ಟಿಗೆ ತೂಕದ ಪಟ್ಟಿ ಕಟ್ಟಿದಾಗ ನಡುಕ ಕಡಿಮೆಯಾಯ್ತು, ಬಿಚ್ಚಿದರೆ ಮತ್ತೆ ಅದೇ. ಕೈಹಿಡಿದದ್ದು ನೀವೊಬ್ಬರು ಹೇಳಿದ ಫ್ರೆಂಕೆಲ್ ವ್ಯಾಯಾಮ: ಕೈಯನ್ನೇ ನೋಡುತ್ತಾ, ಎಣಿಸುತ್ತಾ, ನಿಧಾನವಾಗಿ. ತುಂಬಾ ಥ್ಯಾಂಕ್ಸ್! ನಿನ್ನೆ ಜೋಳದ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿಕೊಂಡು, ತಾವೇ ಬಾಯಿಗಿಟ್ಟುಕೊಂಡರು. ಅವ್ವ ತನ್ನ ಊಟ ಮರೆತು ನೋಡುತ್ತಲೇ ಇದ್ದಳು.

ಗೊತ್ತಿರದ ಸಂಗತಿ: ಪೆಟ್ಟು ಬಿದ್ದದ್ದೂ ಕಿರುಮೆದುಳಿನ ಬಲಭಾಗಕ್ಕೇ. ದೊಡ್ಡಮೆದುಳಿನ ಎಡಕ್ಕೆ ಪೆಟ್ಟಾದರೆ ಬಲಗೈಗೆ ತೊಂದರೆ, ಇಲ್ಲಿ ಹಾಗೆ ಎಡ-ಬಲ ಅದಲುಬದಲಾಗಲ್ಲ. ತಪ್ಪಿದ್ದನ್ನು ನೋಡಿ ಕೈ ತಿದ್ದಿಕೊಳ್ಳಲು ಕಲಿಸುವುದೂ ಕಿರುಮೆದುಳೇ ಅಂತೆ, ಅದಕ್ಕೇ ಪೆಟ್ಟಾಗಿರೋದರಿಂದ ಚೇತರಿಕೆ ಇಷ್ಟು ನಿಧಾನ. ನಡಿಗೆ ಇನ್ನೂ ತೂರಾಡುತ್ತೆ, ಗೋಡೆ ಹಿಡಿದೇ ಓಡಾಡುತ್ತಾರೆ.